ನಂದಾಳ ಬೆನ್ನು ನನ್ನ ಬಳಿ ಇದ್ದ ದಿನ

ಜನವರಿಯ ಆ ಭಾನುವಾರ, ಬೆಳಗಿನ ಜಾವದಿಂದ ಸಂಜೆಯವರೆಗೆ, ನನ್ನ ನಾದಿನಿಯ ಬೆನ್ನು ನನ್ನ ಬಳಿ ಇತ್ತು. ಅವಳು ಮುಂಬೈಯ ರಸ್ತೆಗಳಲ್ಲಿ ಮ್ಯಾರಥಾನ್ ಓಡುತ್ತಿದ್ದಳು. ನಾನು ಆಸ್ಪತ್ರೆಯ ಏಳನೆಯ ಮಹಡಿಯ ಒಂದು ಕೋಣೆಯಲ್ಲಿ, ಕುರ್ಚಿಯ ಮೇಲೆ ಅಲುಗಾಡದೆ ಕುಳಿತು ಅವಳ ನೋವನ್ನು ಕಾಯುತ್ತಿದ್ದೆ. ಅನುಭವಿಸುತ್ತಿದ್ದೆ ಎಂದು ಬರೆಯಬಹುದಿತ್ತು. ಆದರೆ ಕಾಯುತ್ತಿದ್ದೆ ಎನ್ನುವುದೇ ಸರಿಯಾದ ಮಾತು.

ಮಹಾನಂದಾ, ಮನೆಯವರೆಲ್ಲರ ಬಾಯಲ್ಲಿ ನಂದಾ, ನನ್ನ ಗಂಡ ವಿರೂಪಾಕ್ಷರ ತಂಗಿ. ಕುರ್ಲಾದ ಒಂದು ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ. ಮದುವೆ ಬೇಡವೆಂದು ಮೊದಲೇ ಹೇಳಿ, ಮುಲುಂಡಿನ ನಮ್ಮ ಮನೆಯಲ್ಲೇ ಉಳಿದವಳು. ನಮ್ಮದು ಧಾರವಾಡದ ಕಡೆಯ ಕುಟುಂಬ. ಮಾವನವರ ಕಾಲಕ್ಕೇ ಮುಂಬೈಗೆ ಬಂದಿದ್ದರೂ ಮನೆಯೊಳಗಿನ ಮಾತು ಇನ್ನೂ ಅಲ್ಲಿಯದೇ. ನನ್ನ ಮಗಳು ಹುಟ್ಟಿದಾಗ ನನಗೆ ತವರಿನಲ್ಲಿ ಯಾರೂ ಇರಲಿಲ್ಲ, ಅತ್ತೆಯವರಿಗೆ ಕೈಲಾಗುತ್ತಿರಲಿಲ್ಲ. ನಂದಾಳೇ ನನ್ನ ಬಾಣಂತನ ಮಾಡಿದಳು. ಆಗಿನ್ನೂ ಕಾಲೇಜು ಮುಗಿಸದ ಹುಡುಗಿ. ಎಣ್ಣೆ ಹಚ್ಚಿ, ನೀರು ಹಾಕಿ, ನಡು ಕಟ್ಟಿ, ಲೋಬಾನ ಹಾಕಿ, ಕೂಸನ್ನು ಪಕ್ಕಕ್ಕೆ ತಂದು ಮಲಗಿಸಿ, ಆಮೇಲೆ ಮೈದಾನಕ್ಕೆ ಓಡಲು ಹೋಗುತ್ತಿದ್ದಳು.

ಅತ್ತೆಯವರು ಹಾಸಿಗೆ ಹಿಡಿದ ಮೇಲೆ ಅವರನ್ನು ಎತ್ತಿ ಸ್ನಾನಕ್ಕೆ ಕೂರಿಸುತ್ತಿದ್ದವಳೂ ಅವಳೇ. ಅವರದು ಭಾರೀ ಮೈಕಟ್ಟು. ನಾನು ಕೈ ಹಚ್ಚಲು ಹೋದರೆ, "ನೀವು ಸರೀರಿ ವೈನಿ, ನೀವು ಹೆದರಿದ್ರ ಅವ್ವನೂ ಹೆದರ್ತಾಳ" ಎನ್ನುತ್ತಿದ್ದಳು. ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ. ಒಂದು ಬೆಳಿಗ್ಗೆ ಮಂಚಕ್ಕೂ ಕುರ್ಚಿಗೂ ನಡುವೆ ಅವಳ ಬೆನ್ನಿನಲ್ಲಿ ಏನೋ ಟಕ್ಕೆಂದಿತು. ಆ ಸದ್ದು ನನಗೂ ಕೇಳಿಸಿತು. ನಂದಾ ಅತ್ತೆಯವರನ್ನು ಬಿಡಲಿಲ್ಲ. ಕುರ್ಚಿಯಲ್ಲಿ ಕೂರಿಸಿದಳು, ಅವರ ಸೆರಗು ಸರಿಮಾಡಿದಳು, ಆಮೇಲೆ ನೆಲಕ್ಕೆ ಕುಸಿದಳು.

ಆ ವರ್ಷ ಅವಳು ಮ್ಯಾರಥಾನಿಗೆ ತಯಾರಾಗುತ್ತಿದ್ದಳು. ಓಟದ ದಿನ ಆಸ್ಪತ್ರೆಯಲ್ಲಿದ್ದಳು. ಶಸ್ತ್ರಕ್ರಿಯೆ ಆಯಿತು, ಬೆನ್ನುಮೂಳೆಯ ಜಾರಿದ ಡಿಸ್ಕ್ ಸರಿಹೋಯಿತು, ನಡೆದಾಡಿದಳು, ಶಾಲೆಗೂ ಹೋದಳು. ಆದರೆ ನರದ ಸುತ್ತ ಗಾಯದ ಕಲೆ ಉಳಿದು, ನೋವು ಮಾತ್ರ ಹೋಗಲಿಲ್ಲ. ಅತ್ತೆಯವರು ತೀರಿಕೊಂಡ ಮೇಲೆ ಒಂದು ದಿನ ಅವಳೇ ಬಾಯಿ ಬಿಟ್ಟಳು.

"ಅವ್ವನ್ನ ಎತ್ತಿದ ಬೆನ್ನು ಇದು, ವೈನಿ. ಅದರ ಬಗ್ಗೆ ನನಗ ಬ್ಯಾಸರ ಇಲ್ಲ. ಆದ್ರ ಒಂದ್ ಸಲ, ಒಂದ ಸಲ, ನನ್ನ ಸಲುವಾಗಿ ಅದರ ಕೈಲೆ ಕೆಲಸ ಮಾಡಸ್ಬೇಕಂತ ಐತಿ."

ಆಗಲೇ ನಮಗೆ ಡಾಕ್ಟರ್ ತಾರಾ ಬೈಲೂರರ ಪರಿಚಯವಾದದ್ದು.

ತಾರಾ ಕರಾವಳಿಯವರು, ಮಾತು ನೇರ. "ನೋಡಿ, ಇವರ ಬೆನ್ನು ಸುಳ್ಳು ಹೇಳ್ತಾ ಇಲ್ಲ. ಒಂದೇ ಸಮ ಕೂಗ್ತಾ ಉಂಟು, ಅಷ್ಟೇ. ಹಾಗೆ ಕೂಗ್ತಾ ಇದ್ರೆ, ನಿಜವಾಗಿ ಏನಾದ್ರೂ ಆದಾಗ ಯಾರಿಗೆ ಗೊತ್ತಾಗ್ತದೆ ಹೇಳಿ?"

ಅವರು ಮಾಡಿದ್ದ ಸಾಧನ ನೋಡಲು ಸಣ್ಣದು. ನಾಣ್ಯದಷ್ಟು ಅಗಲದ ಒಂದು ಬಿಲ್ಲೆಯನ್ನು ಬೆನ್ನುಮೂಳೆಯ ಪಕ್ಕ ಚರ್ಮದ ಕೆಳಗೆ ಇಡುತ್ತಾರೆ. ಸೊಂಟದಿಂದ ಮೆದುಳಿಗೆ ಹೋಗುವ ಸುದ್ದಿಯನ್ನೆಲ್ಲ ಅದು ದಾರಿಯಲ್ಲೇ ತಡೆಯುತ್ತದೆ. ಮೆದುಳಿನಿಂದ ಕಾಲಿಗೆ ಬರುವ ಆಜ್ಞೆಗಳನ್ನು ಮುಟ್ಟುವುದಿಲ್ಲ, ಹಾಗಾಗಿ ಕಾಲು ಓಡುತ್ತದೆ. ಆದರೆ ಸೊಂಟಕ್ಕೆ ಏನಾಗುತ್ತಿದೆ ಎಂಬುದು ಓಡುವವರಿಗೆ ತಿಳಿಯುವುದಿಲ್ಲ. ಅದು ಅಪಾಯ. ಆದ್ದರಿಂದ ತಡೆದ ಸುದ್ದಿಯನ್ನು ಆ ಬಿಲ್ಲೆ ಗಾಳಿಯ ಮೂಲಕ ಇನ್ನೊಬ್ಬರಿಗೆ ಕಳಿಸುತ್ತದೆ. ಆ ಇನ್ನೊಬ್ಬರು ಸೊಂಟದ ಸುತ್ತ ಒಂದು ಅಗಲವಾದ ಪಟ್ಟಿ ಕಟ್ಟಿಕೊಂಡಿರುತ್ತಾರೆ, ಅದರಿಂದ ಎರಡು ಎಳೆ ಕಾಲಿಗೂ ಇಳಿದಿರುತ್ತವೆ. ಪಟ್ಟಿ ಒತ್ತುತ್ತದೆ, ಚುಚ್ಚುತ್ತದೆ, ಬಿಸಿಯಾಗುತ್ತದೆ. ಅಲ್ಲಿ ಆದದ್ದು ಇಲ್ಲಿ ಆಗುತ್ತದೆ.

ಈ ಕೆಲಸವನ್ನು ಮೊದಲು ಕಂಪ್ಯೂಟರಿಗೇ ಕೊಟ್ಟು ನೋಡಿದ್ದರಂತೆ. ಅದು ನೋವು ಎಷ್ಟು ಎಂದು ಹೇಳುತ್ತಿತ್ತು, ಎಂಥದು ಎಂದು ಹೇಳುತ್ತಿರಲಿಲ್ಲ. ಹಳೆಯ ಗೋಳನ್ನೂ ಹೊಸ ಸುದ್ದಿಯನ್ನೂ ಬೇರೆಮಾಡಲು, ಕೆಲವು ತಿಂಗಳು ಆ ನೋವಿನ ಜೊತೆ ಬಾಳಿದ ಒಂದು ಮೈಯೇ ಬೇಕು ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು.

ಮನೆಯವರನ್ನು ಪರೀಕ್ಷೆ ಮಾಡಿದರು. ಪಟ್ಟಿ ಕಟ್ಟಿ, ಎಲ್ಲಿ ಏನು ಬದಲಾಯಿತು ಹೇಳಿ ಎಂದರು. ನನ್ನ ಗಂಡ ಶಾಂತ ಸ್ವಭಾವದವರು. ಐದು ನಿಮಿಷಕ್ಕೆ ನಿದ್ದೆ ಹೋದರು. ನನ್ನ ಸರದಿ ಬಂದಾಗ ತಾರಾ ಒಮ್ಮೆ ಕಂಪ್ಯೂಟರಿನ ಪರದೆಯನ್ನು, ಒಮ್ಮೆ ನನ್ನನ್ನು ನೋಡಿದರು.

"ನಿಮಗೆ ಯಾವಾಗ್ಲೂ ಹೀಗೆಯಾ?"

"ಹೀಗೆ ಅಂದ್ರ?"

"ಈಗ ಏನೋ ಆಗ್ತದೆ, ಈಗ ಏನೋ ಆಗ್ತದೆ ಅಂತ ಕಾಯ್ತಾ ಇರುದು."

ಉತ್ತರ ಕೊಟ್ಟದ್ದು ನಿದ್ದೆಯಿಂದ ಎದ್ದಿದ್ದ ನನ್ನ ಗಂಡ. "ಮದವಿ ಆದಾಗಿಂದ, ಡಾಕ್ಟರ್. ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ಸ್ಟೇಷನ್ ತನಕಾ ಬಂದು ವಾಪಸ್ ಹೊಕ್ಕಾಳ. ನಾವು ಈ ಜನ್ಮದಾಗ ಒಂದೂ ಸಿನಿಮಾ ಮೊದಲಿಂದ ನೋಡಿಲ್ಲ."

"ನಮಗೆ ಇಂಥವರೇ ಬೇಕಿತ್ತು ಮಾರಾಯ್ರೆ" ಎಂದರು ತಾರಾ.

ನನ್ನ ಆತಂಕದ ಬಗ್ಗೆ ಜೀವನದಲ್ಲಿ ಬೇಕಾದಷ್ಟು ಮಾತು ಕೇಳಿದ್ದೇನೆ. ಅದು ಬೇಕು ಎಂದು ಯಾರೂ ಹೇಳಿರಲಿಲ್ಲ. ಆ ಸಂಜೆ ಲೋಕಲ್ ಟ್ರೇನಿನ ಕಿಟಕಿಯ ಬಳಿ ಕುಳಿತು ಹೊರಗೆ ನೋಡುತ್ತಿದ್ದೆ, ಕಣ್ಣು ತುಂಬಿದ್ದನ್ನು ಪಕ್ಕದವರಿಗೆ ತೋರಿಸಬಾರದೆಂದು.

ಮಳೆಗಾಲ ಮುಗಿದ ಮೇಲೆ ಅಭ್ಯಾಸ ಶುರುವಾಯಿತು. ನಂದಾ ನಮ್ಮ ಕಟ್ಟಡದ ಕಾಂಪೌಂಡಿನಲ್ಲಿ ಸುತ್ತು ಹಾಕುವಳು, ನಾನು ಮೇಲೆ ಅಡುಗೆಮನೆಯಲ್ಲಿ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಾ ಅವಳ ಬೆನ್ನನ್ನು ಕೇಳುವೆನು. ಕಿವಿಯಲ್ಲಿ ಸಿಕ್ಕಿಸಿಕೊಂಡ ಸಣ್ಣ ಗುಂಡಿಯಲ್ಲಿ ನಮ್ಮ ಮಾತು ನಡೆಯುತ್ತಿತ್ತು.

"ಈಗ ಹೆಂಗೈತಿ, ವೈನಿ?"

"ಚಳಕು. ಎಡಕ್ಕ."

"ಹಳೇದೋ, ಹೊಸಾದೋ?"

"ಹಳೇದ."

"ಹಂಗಾರ ಅದಕ್ಕ ಚಾ ಕುಡಿಸಿ ಕಳಸ್ರಿ."

ನಗುತ್ತಿದ್ದೆವು. ಆದರೆ ಅವಳು ವರ್ಷಗಟ್ಟಲೆ ಏನನ್ನು ಹೊತ್ತುಕೊಂಡು ಶಾಲೆಗೆ ಹೋಗಿ ಬರುತ್ತಿದ್ದಳು, ನಮ್ಮ ಜೊತೆ ಕುಳಿತು ರೊಟ್ಟಿ ತಿನ್ನುತ್ತಿದ್ದಳು ಎಂಬುದು ನನಗೆ ತಿಳಿದದ್ದು ಆಗ. ಮೊದಲ ವಾರ ಪಟ್ಟಿ ಬಿಚ್ಚಿದ ಮೇಲೂ ನಾನು ಗೋಡೆ ಹಿಡಿದು ನಡೆದೆ.

ಲ್ಯಾಬಿನಲ್ಲಿ ಪರದೆ ನೋಡುತ್ತಿದ್ದ ಇಂಜಿನಿಯರ್ ಪರ್ವೇಜ್ ನೋವಿಗೆ ಒಂದರಿಂದ ಹತ್ತರೊಳಗೆ ಅಂಕ ಕೊಡಿ ಎನ್ನುತ್ತಿದ್ದ. ನನಗೆ ಅಂಕ ಬರಲಿಲ್ಲ. ನಾನು ಮಾತು ಕೊಟ್ಟೆ. ಚಳಕು ಎಂದರೆ ಥಟ್ಟನೆ ಹಿಡಿದು ಬಿಡುವುದು. ಸೆಳೆತ ಎಂದರೆ ಉದ್ದಕ್ಕೆ ಎಳೆಯುವುದು. ಕಡಿತ ಒಂದೇ ಕಡೆ ಕುಳಿತು ಕಡಿಯುವುದು. ಇವೆಲ್ಲ ನಂದಾಳ ಹಳೆಯ ನೆಂಟರು. ಬರಬಾರದ್ದು ಸಿಡಿತ, ತೊಡೆಯ ಹಿಂಭಾಗದಿಂದ ಹಿಮ್ಮಡಿಯವರೆಗೆ ಕಿಡಿ ಹಾರಿದಂತೆ ಇಳಿಯುವುದು. ಅದರ ಹಿಂದೆಯೇ ಜೋಮು ಬಂದರೆ ನರ ಸಿಕ್ಕಿಕೊಂಡಿದೆ ಎಂದರ್ಥ. ಓಟ ನಿಲ್ಲದಿದ್ದರೆ ಕಾಲು ಮತ್ತೆ ಬಾರದೆ ಹೋಗಬಹುದು. ಪರ್ವೇಜ್ ಆ ಪದಗಳನ್ನು ಹಾಗೆಯೇ ಬರೆದುಕೊಂಡ. ಆಮೇಲೆ ಅವನ ಹಿಂದಿಯಲ್ಲೂ "ಚಳಕು" ಸೇರಿಕೊಂಡಿತು.

ಆಸ್ಪತ್ರೆಯ ಕೋಣೆಯಲ್ಲಿ ನನ್ನ ಕುರ್ಚಿಯ ತೋಳಿನ ಮೇಲೆ ಒಂದು ಕೆಂಪು ಗುಂಡಿ ಇತ್ತು. ಒತ್ತಿದರೆ ನೋವೆಲ್ಲ ಆ ಕ್ಷಣ ನಂದಾಳಿಗೆ ಮರಳುತ್ತದೆ, ಅವಳು ನಿಲ್ಲಲೇಬೇಕು. ಆ ದಿನದ ಮಟ್ಟಿಗೆ ಅದನ್ನು ಮತ್ತೆ ತಡೆಯಲು ಬರುವುದಿಲ್ಲ. ಸಿಡಿತ ಬಂದರೆ ಒತ್ತಬೇಕೆಂದು ತಾರಾ ಹೇಳಿದ್ದರು. ಅಷ್ಟೇ ಸಾಲದೆಂದು ಇನ್ನೊಂದು ನಿಯಮ ಸೇರಿಸಿದವಳು ನಾನು. ನನಗೆ ಪರಿಚಯವಿಲ್ಲದ ಯಾವ ನೋವು ಬಂದರೂ ಒತ್ತಬೇಕು. ನಂದಾ ಕೈ ಜೋಡಿಸಿ ಒಪ್ಪಿದಳು.

ಓಟದ ದಿನ ಅವಳು ಕತ್ತಲಲ್ಲೇ ಎದ್ದಳು. ಬಚ್ಚಲಿನಲ್ಲಿ ಬಹಳ ಹೊತ್ತು ಇದ್ದಳು. ಹೊರಗಿನಿಂದ ಅವಳ ಅಣ್ಣ, "ಓಟ ಅಲ್ಲೇ ಶುರು ಮಾಡೀಯೇನು?" ಎಂದರು. ಬಂದು ಅತ್ತೆಯವರ ಫೋಟೋಕ್ಕೆ ಕೈ ಮುಗಿದಳು. ನನ್ನ ಕಾಲಿಗೆ ಬಗ್ಗಲು ಹೋದಾಗ ತಡೆದೆ.

"ಬಗ್ಗಬ್ಯಾಡ, ಇವತ್ತೊಂದಿನ."

"ಹೋಗಿ ಬರ್ತೀನ್ರಿ."

ಆಸ್ಪತ್ರೆಯ ಕೋಣೆಗೆ ದೊಡ್ಡ ಕಿಟಕಿ ಇತ್ತು. ಓಟದ ದಾರಿಯ ಒಂದು ತುಂಡು ರಸ್ತೆ, ಅದರಾಚೆ ಸಮುದ್ರ. ನನಗೆ ಅತ್ತ ನೋಡುವ ಹಾಗಿರಲಿಲ್ಲ. ನನ್ನದೇ ಮೈಯ ಅಲುಗಾಟ ಅವಳ ಸುದ್ದಿಯ ಜೊತೆ ಬೆರೆತರೆ ಕಷ್ಟ. ಕಣ್ಣು ಅರ್ಧ ಮುಚ್ಚಿ ಕುಳಿತೆ. ಪಕ್ಕದಲ್ಲಿ ತಾರಾ, ಪರದೆಯ ಮುಂದೆ ಪರ್ವೇಜ್.

ಮೊದಲ ಒಂದು ತಾಸು ಎಲ್ಲ ಪರಿಚಿತರೇ ಬಂದರು. ಎಡಕ್ಕೆ ಚಳಕು, ಆಮೇಲೆ ಸೆಳೆತ, ಬಲಗಡೆ ಸಣ್ಣ ಕಡಿತ. ಸಮುದ್ರ ಸೇತುವೆಯ ಮೇಲೆ ಬಂದಾಗ ನಂದಾ, "ಸೂರ್ಯ ಹುಟ್ಟಾಕತ್ತಾನ ವೈನಿ. ನೀರೆಲ್ಲಾ ಕುಂಕುಮ ಕಲಿಸಿದಂಗ ಕಾಣಸ್ತೈತಿ" ಎಂದಳು. ಉಸಿರು ಹದವಾಗಿತ್ತು. ನಾನು ಅವಳ ಕಡಿತವನ್ನು ನನ್ನ ಸೊಂಟದಲ್ಲಿ ಇಟ್ಟುಕೊಂಡು, ಅವಳ ಕಣ್ಣಿನಿಂದ ಸೂರ್ಯನನ್ನು ನೋಡಿದೆ.

ಸೇತುವೆ ದಾಟಿ ಸ್ವಲ್ಪ ಹೊತ್ತಿಗೆ ಹೊಸದೊಂದು ಬಂತು.

ಮೊದಲು ಬಿಸಿಯಂತೆ. ಆಮೇಲೆ ಬಿಗಿ. ಹೆಜ್ಜೆ ಹೆಜ್ಜೆಗೂ ಒಂದು ನೂಲಿನಷ್ಟು ಹೆಚ್ಚುತ್ತಾ ಹೋಯಿತು. ಸೊಂಟವನ್ನು ಸುತ್ತಲಿನಿಂದ ಯಾರೋ ಹಿಂಡುತ್ತಿರುವಂತೆ. ಪರ್ವೇಜನ ಪರದೆ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿತು.

"ಇದು ಹಿಂದೆ ಯಾವತ್ತೂ ಬಂದಿಲ್ಲ" ಎಂದ ಅವನು.

"ಸಿಡಿತ ಉಂಟಾ?" ತಾರಾ ಕೇಳಿದರು.

"ಇಲ್ಲ. ಕಾಲಿಗೆ ಏನೂ ಇಲ್ಲ" ಎಂದೆ ನಾನು.

"ಜೋಮು?"

"ಇಲ್ಲ."

"ಆದ್ರೂ ಹೊಸದಲ್ವಾ. ಬಿಲ್ಲೆಯ ಸುತ್ತ ಊತ ಬಂದಿದ್ರೂ ಹೀಗೆ ಆಗ್ಬಹುದು. ನಿಯಮ ನಿಮ್ಮದೇ. ಒತ್ತಿ."

ಬೆರಳು ಗುಂಡಿಯ ಮೇಲೆ ಹೋಯಿತು. ಒತ್ತಲು ನನಗೆ ಯಾವ ಕಷ್ಟವೂ ಇರಲಿಲ್ಲ. ನಿಲ್ಲಿಸುವುದು, ಬೇಡವೆನ್ನುವುದು, ಹಿಂದಕ್ಕೆ ಕರೆಯುವುದು ನನಗೆ ಸಹಜ. ಆದರೆ ಕಾಯುವವಳು ಮೊದಲು ಪೂರ್ತಿ ಕೇಳಬೇಕಲ್ಲ. ಕಣ್ಣು ಪೂರಾ ಮುಚ್ಚಿದೆ.

ಬೆನ್ನಿನ ನೋವು ಬೆನ್ನಿನಲ್ಲಿ ಹುಟ್ಟಿ ಸುತ್ತಲೂ ಹರಡುತ್ತದೆ. ಇದು ಬೆನ್ನಿನಲ್ಲಿ ಹುಟ್ಟಿರಲಿಲ್ಲ. ಸುತ್ತಲೂ ಸಮನಾಗಿತ್ತು. ಸಮನಾಗಿಯೂ ಅಲ್ಲ. ಮುಂದೆ, ಹೊಕ್ಕುಳಿನ ಎಡಕ್ಕೆ, ಒಂದೇ ಒಂದು ಕಡೆ, ಅಡಿಕೆಯಷ್ಟು ಗಟ್ಟಿಯಾಗಿ ಒತ್ತುತ್ತಿತ್ತು. ನೋವಿಗೆ ಹಾಗೆ ಗಂಟು ಇರುವುದಿಲ್ಲ.

ಗಂಟು ಎಂಬ ಮಾತು ಮನಸ್ಸಿಗೆ ಬಂದದ್ದೇ ಲೋಬಾನದ ವಾಸನೆ ಬಂತು. ಕೋಣೆಯಲ್ಲಿ ಲೋಬಾನ ಇರಲಿಲ್ಲ. ಬಿಸಿನೀರಿನಿಂದ ಎದ್ದ ಮೈ, ಪಕ್ಕದಲ್ಲಿ ಕೂಸಿನ ಸಣ್ಣ ಸದ್ದು, ಅತ್ತೆಯವರ ಹಳೆಯ ಮೆತ್ತನೆಯ ನೂಲಿನ ಸೀರೆಯನ್ನು ಮಡಿಸಿ ನನ್ನ ನಡುವಿಗೆ ಸುತ್ತಿ, ಮೊಣಕಾಲು ಊರಿ ಎಳೆದು ಬಿಗಿಯುತ್ತಿರುವ ನಂದಾ. "ಉಸರು ಬಿಡ್ರಿ ವೈನಿ, ಇನ್ನೊಂಚೂರು." ನಂದಾ ಎಡಗೈಯವಳು. ಅವಳು ಕಟ್ಟಿದ ಗಂಟು ದಿನವೂ ನನ್ನ ಹೊಕ್ಕುಳಿನ ಎಡಕ್ಕೇ ಬೀಳುತ್ತಿತ್ತು.

ಬೆರಳು ತೆಗೆದೆ.

"ನಂದಾ, ನಡಾ ಕಟಗೊಂಡೀಯೇನು?"

ಕಿವಿಯಲ್ಲಿ ಹೆಜ್ಜೆಗಳ ತಾಳ ತಪ್ಪಿತು. ಆಮೇಲೆ, "ಯಾರ್ ಹೇಳಿದ್ರು?"

"ಕಟಗೊಂಡೀಯೋ ಇಲ್ಲೋ?"

"ಅವ್ವನ ಸೀರಿ, ವೈನಿ. ಅರ್ಧ ಹರದು ಅಂಗಿ ಒಳಗ ಕಟಗೊಂಡೀನಿ. ನಿಮ್ಮ ನಡಾ ಅದರಲೇ ಗಟ್ಟಿ ಆತಲ್ಲಾ. ನನಗೂ ಒಂದ್ ಧೈರ್ಯ ಇರ್ಲಿ ಅಂತ."

"ಬಿಗಿ ಆಗಿ ನಿನ್ನ ಹಿಂಡಾಕತ್ತೈತಿ."

"ನನಗೇನೂ ಗೊತ್ತ ಆಗವಲ್ದಲ್ಲಾ."

"ನಿನಗ ಹೆಂಗ ಗೊತ್ತಾಗತೈತಿ, ಹುಚ್ಚಿ? ನಿನ್ನ ನಡಾ ನನ್ನ ಹತ್ರ ಐತಿ."

ತಾರಾ ಎದ್ದು ನಿಂತಿದ್ದರು. ಬೆವರಿಗೆ ತೊಯ್ದ ನೂಲು ಬಿಗಿಯುತ್ತಾ ಹೋಗಿ ಬಿಲ್ಲೆಯನ್ನೇ ಮೂಳೆಗೆ ಒತ್ತುತ್ತಿತ್ತು. ಅವಳ ಸೊಂಟಕ್ಕೆ ಸ್ಪರ್ಶವೇ ಇಲ್ಲದ ಕಾರಣ ಅವಳಿಗೆ ತಿಳಿಯುವ ಹಾಗಿರಲಿಲ್ಲ. "ಬೇಗ ಬಿಚ್ಚಲಿಕ್ಕೆ ಹೇಳಿ" ಎಂದರು. "ಇನ್ನು ಸ್ವಲ್ಪ ಹೊತ್ತು ಹೀಗೇ ಇದ್ರೆ ನಾನೇ ಒತ್ತುದು."

"ಗಂಟು ಬಿಚ್ಚಾಕ ಬರವಲ್ದು, ವೈನಿ. ತೊಯ್ದು ಗಟ್ಟಿ ಕುಂತೈತಿ."

"ಓಡಬ್ಯಾಡ, ನಿಂದ್ರು. ಬಾಜೂಕ ಯಾರದಾರ?"

"ನೀರು ಕೊಡೋರು. ಒಬ್ಬಾಕಿ ಮೌಶಿ ಕಿತ್ತಳೆಹಣ್ಣು ಹಂಚಾಕತ್ತಾಳ."

"ಆಕಿ ಬಳಿಯೊಳಗ ಸೇಫ್ಟಿ ಪಿನ್ ಇರತಾವ ನೋಡು. ಕೇಳು."

ನಂದಾ ಮರಾಠಿಯಲ್ಲಿ ಏನೋ ಹೇಳಿದಳು. ಆ ಹೆಂಗಸು ಬೆರಗಾಗಿ "ಅಗ ಬಾಯಿ" ಎಂದದ್ದು ನನಗೆ ಕೇಳಿಸಿತು. ಆಮೇಲೆ, ನನ್ನ ಹೊಕ್ಕುಳಿನ ಎಡಕ್ಕೆ, ಯಾರದೋ ಬೆರಳುಗಳು. ನಾನು ಎಂದೂ ಮುಖ ನೋಡದ ಒಬ್ಬ ಹೆಂಗಸು, ಮಾಹೀಮಿನ ಯಾವುದೋ ಫುಟ್‌ಪಾತಿನ ಮೇಲೆ ನಿಂತು, ಪಿನ್ನಿನ ಮೊನೆಯಿಂದ ಆ ಗಂಟನ್ನು ಎಳೆ ಎಳೆಯಾಗಿ ಸಡಿಲಿಸುತ್ತಿರುವುದು ನನ್ನ ಹೊಟ್ಟೆಯ ಮೇಲೆ ತಿಳಿಯುತ್ತಿತ್ತು. ಅವಸರವಿಲ್ಲದ ಕೈ. ಗಂಟು ಬಿಟ್ಟಾಗ ಸೊಂಟದ ಸುತ್ತ ಬೆಚ್ಚನೆಯ ನೀರು ಹರಿದಂತಾಯಿತು. ಪರದೆ ನಿಧಾನವಾಗಿ ಹಸಿರಿಗೆ ಮರಳಿತು. ಪರ್ವೇಜ್ ತನ್ನ ಕುರ್ಚಿಗೆ ಒರಗಿ ಕೊರಳ ಬೆವರು ಒರೆಸಿಕೊಂಡ.

ಆ ಹೆಂಗಸಿಗೆ ನನ್ನಿಂದ ಧನ್ಯವಾದ ಹೇಳಲಾಗಲಿಲ್ಲ. ಈಗಲೂ ಕಿತ್ತಳೆಹಣ್ಣು ಸುಲಿಯುವಾಗ ನೆನೆಯುತ್ತೇನೆ.

"ಬಟ್ಟಿ ಏನ್ ಮಾಡ್ಲಿ?" ನಂದಾ ಕೇಳಿದಳು.

"ಕೈಗೆ ಸುತಗೋ. ಬೀಳಸಬ್ಯಾಡ, ಅವ್ವಂದು."

ಪೆಡ್ಡರ್ ರೋಡಿನ ಏರು ಕಠಿಣವೆಂದು ಎಲ್ಲ ಓಟಗಾರರೂ ಹೇಳುತ್ತಾರೆ. ಅಲ್ಲಿ ನಂದಾಳ ಬೆನ್ನಿನ ಹಳೆಯ ನೆಂಟರೆಲ್ಲ ಒಟ್ಟಿಗೆ ಬಂದರು. ನಾನು ಹಲ್ಲು ಕಚ್ಚಿ ಕುಳಿತೆ. ಆಗಲೇ ಬಲ ಹಿಮ್ಮಡಿಯಲ್ಲಿ ಜೋಮು. ಕೈ ಗುಂಡಿಯ ಕಡೆ ಹೋಗುತ್ತಿದ್ದಂತೆ ಪಾದವನ್ನು ಸ್ವಲ್ಪ ತಿರುಗಿಸಿ ನೋಡಿದೆ. ಜೋಮು ಕದಲಿತು. ಅದು ನನ್ನದೇ ಕಾಲು, ಅಷ್ಟು ಹೊತ್ತು ಕುಳಿತು ಮರಗಟ್ಟಿದ್ದು. ತಾರಾ ಏನೂ ಕೇಳದೆ ನೆಲದ ಮೇಲೆ ಕುಳಿತು ನನ್ನ ಪಾದ ತಿಕ್ಕಿದರು. ಅಷ್ಟು ದೊಡ್ಡ ಡಾಕ್ಟರ್.

"ವೈನಿ, ಮಾತಾಡ್ರಿ. ಏನರ ಮಾತಾಡ್ರಿ" ಎಂದಳು ನಂದಾ. ಉಸಿರು ಏರಿತ್ತು.

ನಾನು ಏನೇನೋ ಹೇಳಿದೆ. ಟಿಫಿನ್ನಿಗೆ ಬದನೆಕಾಯಿ ಎಣ್ಣೆಗಾಯಿ ತಂದಿದ್ದೇನೆ ಎಂದೆ. ಅವಳ ಅಣ್ಣ ಮುಗಿಯುವ ಗೆರೆಯ ಹತ್ತಿರ ನಿಂತಿದ್ದಾರೆ, ನಿಂತಲ್ಲೇ ನಿದ್ದೆ ಹೋಗಿರಬಹುದು ಎಂದೆ. ಬೆಳಿಗ್ಗೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ನೆನಪಿಲ್ಲ ಎಂದೂ ಹೇಳಿಬಿಟ್ಟೆ.

"ನಾ ಮಾಡೀನಿ. ನೀವು ಕೇಳ್ತೀರಿ ಅಂತ ಗೊತ್ತಿತ್ತು."

ಏರು ಮುಗಿದು ರಸ್ತೆ ಇಳಿಯಿತು. ಆಮೇಲೆ ಬರೀ ಹೆಜ್ಜೆಯ ಸದ್ದು, ಅದರ ತಾಳಕ್ಕೆ ನನ್ನ ಸೊಂಟದಲ್ಲಿ ಒಂದು ಮಿಡಿತ. ಕೊನೆಗೆ ಜನರ ಗದ್ದಲ, ಅದರ ನಡುವೆ ನನ್ನ ಗಂಡನ ಧ್ವನಿ, ತಂಗಿಯ ಹೆಸರು ಹಿಡಿದು ಕೂಗುತ್ತಿದ್ದರು. ಅವರು ಕೂಗಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಮುಗೀತು, ವೈನಿ" ಎಂದಳು ನಂದಾ.

ಅವಳನ್ನು ಗಾಡಿಯಲ್ಲಿ ಆ ಕೋಣೆಗೇ ಕರೆತಂದರು. ಕೊರಳಲ್ಲಿ ಪದಕ, ಮುಂಗೈಗೆ ಸುತ್ತಿದ ಒದ್ದೆ ಸೀರೆ. ತಾರಾ ಪರೀಕ್ಷೆ ಮಾಡಿ, ಕಾಲು ಎತ್ತಿಸಿ ಇಳಿಸಿ, ಎಲ್ಲ ಸರಿ ಇದೆ ಎಂದರು. ಬಿಲ್ಲೆಯ ಸುತ್ತ ಚರ್ಮ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಇನ್ನು ಉಳಿದದ್ದು ಒಂದೇ. ನೋವನ್ನು ಸಂಜೆಯೊಳಗೆ ಅವಳಿಗೆ ಹಿಂದಿರುಗಿಸಬೇಕು. ಹೆಚ್ಚು ಹೊತ್ತು ತಡೆದರೆ ನರಗಳು ಸುದ್ದಿ ಕಳಿಸುವುದನ್ನೇ ಮರೆಯುತ್ತವೆ.

"ಕೊಡ್ರಿ ವೈನಿ" ಎಂದಳು ನಂದಾ. "ಸಾಕು ನೀವು ಹೊತ್ತಿದ್ದು."

"ಮೊದಲ ಉಣ್ಣು."

ಉಂಡಳು. ಎರಡು ರೊಟ್ಟಿ, ಎಣ್ಣೆಗಾಯಿ, ಮೊಸರು. ಆಮೇಲೆ ಮಂಚದ ಮೇಲೆ ಅಂಗಾತ ಮಲಗಿದಳು. ಟಕ್ಕೆಂದ ಆ ಬೆಳಗಿನಿಂದ ಅವಳು ಅಂಗಾತ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಯಾವಾಗಲೂ ಒಂದು ಮಗ್ಗುಲಿಗೆ, ಮೊಣಕಾಲು ಮಡಿಸಿ, ಗೋಡೆಯ ಕಡೆ ಮುಖ ಮಾಡಿ. ಈಗ ಕೈಕಾಲು ಚಾಚಿ, ಬಾಯಿ ತುಸು ತೆರೆದು, ಚಿಕ್ಕ ಹುಡುಗಿಯ ಹಾಗೆ ನಿದ್ದೆ ಹೋದಳು.

ತಾರಾ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಕಿಟಕಿಯ ಕಡೆ ಹೋಗಿ ಪರದೆ ಎಳೆದರು. "ಸಂಜೆ ತನಕ ಟೈಮ್ ಉಂಟಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ನಾನು ಕುರ್ಚಿಯಲ್ಲೇ ಕುಳಿತಿದ್ದೆ. ಸೊಂಟದಲ್ಲಿ ಕಡಿತ, ಎಡಕ್ಕೆ ಆಗೊಮ್ಮೆ ಈಗೊಮ್ಮೆ ಚಳಕು. ನನ್ನ ಬಾಣಂತನದ ದಿನಗಳಲ್ಲಿ ನಾನು ಹೀಗೆ ಮಲಗಿರುವಾಗ ಅವಳು ಪಕ್ಕದಲ್ಲಿ ಕುಳಿತಿರುತ್ತಿದ್ದಳು. ಈ ಕಡಿತ ನನಗೆ ಭಾರವೆನಿಸಲಿಲ್ಲ.

ಬಿಸಿಲು ಇಳಿದಾಗ ತಾರಾ ತಲೆಯಾಡಿಸಿದರು. ಗುಂಡಿಯ ಪಕ್ಕ ಒಂದು ತಿರುಗಣೆ ಇತ್ತು. ಅದನ್ನು ನಿಧಾನವಾಗಿ, ಕೂಸಿನ ಕೈಯಿಂದ ಏನನ್ನೋ ಬಿಡಿಸಿಕೊಳ್ಳುವ ಹಾಗೆ, ತಿರುಗಿಸಿದೆ. ನನ್ನ ಸೊಂಟ ಹಗುರವಾಗುತ್ತಾ ಬಂತು. ನಿದ್ದೆಯಲ್ಲೇ ನಂದಾಳ ಹುಬ್ಬು ಗಂಟಾಯಿತು. ಮಗ್ಗುಲಾದಳು, ಮೊಣಕಾಲು ಮಡಿಸಿದಳು, ಕಣ್ಣು ಬಿಟ್ಟಳು.

"ಬಂತು" ಎಂದಳು.

"ಬಾಳ ಐತೇನು?"

"ಅದರದೇನ್ರಿ, ನಂದ ಐತಿ." ಸೊಂಟಕ್ಕೆ ಕೈ ಹಚ್ಚಿ ನೋಡಿಕೊಂಡಳು. "ಆದ್ರ ವೈನಿ, ಈಗ ಅದಕ್ಕೂ ಸೂರ್ಯ ಹುಟ್ಟಿದ್ದು ಗೊತ್ತೈತಿ."

ಮಂಚದ ತುದಿಯಲ್ಲಿ ಸೀರೆಯ ತುಂಡು ಒಣಗಿತ್ತು. ಉಪ್ಪಿನ ಗೆರೆ ಮೂಡಿತ್ತು. ನಾನು ಅದನ್ನು ಕೈಗೆತ್ತಿಕೊಂಡು ತಾರಾ ಅವರ ಮುಖ ನೋಡಿದೆ.

"ಈಗ ಕಟ್ಟಬಹುದು" ಎಂದರು ಅವರು. "ಈಗ ಅವರಿಗೇ ಗೊತ್ತಾಗ್ತದೆ."

"ಏಳು. ಕೈ ಎತ್ತು" ಎಂದೆ.

ನಂದಾ ಎದ್ದು ನಿಂತಳು. ನಾನು ಮೊಣಕಾಲು ಊರಿ, ಸೀರೆಯನ್ನು ಮಡಿಸಿ ಅವಳ ನಡುವಿಗೆ ಸುತ್ತಿದೆ. ಎಳೆದೆ.

"ಬಿಗಿ ಆತೇನು?"

"ಇಲ್ಲ. ಇನ್ನೊಂಚೂರು."

ಇನ್ನೊಂಚೂರು ಎಳೆದು ಗಂಟು ಹಾಕಿದೆ. ನಾನು ಬಲಗೈಯವಳು. ಗಂಟು ಬಲಕ್ಕೆ ಬಿತ್ತು.